ಸಂಬಳವಿಲ್ಲದ ಇಂಟರ್ನ್‌ಶಿಪ್: ಪೆಟ್ಟಾದರೆ ಪರಿಹಾರ ಯಾರದು?

ಅಮೃತಾಪುರದಿಂದ ತರೀಕೆರೆಗೋ ಶಿವಮೊಗ್ಗಕ್ಕೋ ಡಿಗ್ರಿ ಓದಲು ಹೋದ ಮಕ್ಕಳು ಸಂಬಳವಿಲ್ಲದ ಇಂಟರ್ನ್‌ಶಿಪ್ ಮಾಡುವಾಗ ಕೈ ಯಂತ್ರಕ್ಕೆ ಸಿಕ್ಕರೆ?

1923ರ ಕಾರ್ಮಿಕರ ಪರಿಹಾರ ಕಾಯ್ದೆ ಪರಿಹಾರವನ್ನು ತಿಂಗಳ ಕೂಲಿಯ ಮೇಲೆ ಲೆಕ್ಕ ಹಾಕಿತು. ಕೂಲಿಯೇ ಇಲ್ಲದವರ ಲೆಕ್ಕ ಎಲ್ಲಿಂದ ಶುರು ಮಾಡೋದು? 1961ರ ಅಪ್ರೆಂಟಿಸ್ ಕಾಯ್ದೆ, ತರಬೇತಿಯಲ್ಲಿ ಅಪಘಾತವಾದರೆ ಮಾಲೀಕರೇ ಪರಿಹಾರ ಕೊಡಬೇಕು ಎಂದಿತು. ಆದರೆ ಅದು ಒಪ್ಪಂದ ಮಾಡಿಕೊಂಡ ಅಪ್ರೆಂಟಿಸ್‌ಗಳಿಗೆ. ಬರೀ ಕಾಲೇಜಿನ ಪತ್ರ ಹಿಡಿದು ಹೋದವರಿಗಲ್ಲ.

2024ರಲ್ಲಿ ಬಂದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ವಿಮೆಯ ಕಂತು ಸರ್ಕಾರದ್ದೇ. ತಮಾಷೆಯೆಂದರೆ, ಶುರುವಾದಾಗ ಅದರಲ್ಲಿ ರೆಗ್ಯುಲರ್ ವಿದ್ಯಾರ್ಥಿಗಳಿಗೇ ಜಾಗವಿರಲಿಲ್ಲ.

18 ತುಂಬಿ ಬ್ಯಾಂಕ್ ಖಾತೆ ಇದ್ದವರಿಗೆ 2015ರ ಸುರಕ್ಷಾ ಬಿಮಾ ಇದೆ. ವರ್ಷಕ್ಕೆ 20 ರೂಪಾಯಿ; ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕೈ ಹೋದರೆ 1 ಲಕ್ಷ. ಆಸ್ಪತ್ರೆ ಬಿಲ್ಲು ಮಾತ್ರ ಮನೆಯವರೇ ಕಟ್ಟಬೇಕು.