ಶುಗರ್ ಎಂಬ ಹರಳುಕಲ್ಲು



ಹಲಗೂರಿನ ಸುತ್ತಮುತ್ತ ಮನೆಗಳ ಆಶೀರ್ವಾದಕ್ಕೆ ನಾವು ಹೋದಾಗ, ಕಾಫಿಯ ಲೋಟಕ್ಕಿಂತ ಮೊದಲು ಒಂದು ಪ್ರಶ್ನೆ ಬರುತ್ತದೆ: "ಫಾದರ್, ನಿಮಗೆ ಶುಗರ್ ಇದೆಯಾ?" ಡಬ್ಬಿಯಲ್ಲಿ ಇರುವುದು ಸಕ್ಕರೆ, ರಕ್ತದಲ್ಲಿ ಇರುವುದು ಶುಗರ್. ಒಂದು ಹೆಸರನ್ನು ಹಬ್ಬಕ್ಕೂ ಇನ್ನೊಂದನ್ನು ಆಸ್ಪತ್ರೆಗೂ ಹಂಚಿಕೊಟ್ಟಿದ್ದೇವೆ. ಆದರೆ ಇವೆರಡೂ ಒಂದೇ ತಾಯಿಯ ಮಕ್ಕಳು. ಸಂಕ್ರಾಂತಿಯ ಎಳ್ಳು-ಬೆಲ್ಲದ ಈ ದಿನಗಳಲ್ಲಿ ಆ ತಾಯಿಯ ಕಥೆ ಕೇಳೋಣ.

ಸಂಸ್ಕೃತದಲ್ಲಿ 'ಶರ್ಕರಾ' ಎಂದರೆ ಮೊದಲಿಗೆ ಸಿಹಿಯಲ್ಲ, ಮರಳು, ಹರಳುಕಲ್ಲು. ಕಬ್ಬಿನ ಹಾಲನ್ನು ಕಾಯಿಸಿ ಹರಳುಗಟ್ಟಿಸಿದಾಗ ಅದು ಕಲ್ಲುಪುಡಿಯಂತೆ ಕಂಡದ್ದರಿಂದ ಆ ಹೆಸರು ಬಂತು. ಪ್ರಾಕೃತದ ಮೂಲಕ ಅದೇ ಮಾತು ನಮ್ಮಲ್ಲಿ ಸಕ್ಕರೆಯಾಯಿತು. ಪಶ್ಚಿಮಕ್ಕೆ ಹೊರಟ ಮಾತು ಪರ್ಷಿಯಾದಲ್ಲಿ ಶಕರ್, ಅರಬರಲ್ಲಿ ಸುಕ್ಕರ್, ಫ್ರಾನ್ಸಿನಲ್ಲಿ ಸುಕ್ರ್, ಕಡೆಗೆ ಇಂಗ್ಲೆಂಡಿನಲ್ಲಿ ಶುಗರ್ ಆಯಿತು. ಅಷ್ಟೇ ಅಲ್ಲ, ಇಂಗ್ಲಿಷರು ಬೆಲ್ಲಕ್ಕೆ ಹೇಳುವ 'ಜಾಗರಿ'ಯೂ ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಯಿಂದ ಹೊತ್ತೊಯ್ದ ಇದೇ ಶರ್ಕರಾ. ಮಕ್ಕಳು ಬಾಯಿಗಿಟ್ಟುಕೊಳ್ಳುವ 'ಕ್ಯಾಂಡಿ' ನಮ್ಮ 'ಖಂಡ', ಅಂದರೆ ತುಂಡು. ಕಲ್ಲು, ತುಂಡು! ಈ ಹೆಸರುಗಳಲ್ಲಿ ಸಿಹಿ ಎಲ್ಲೂ ಇಲ್ಲ ನೋಡಿ.

ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಭಾರತದಲ್ಲಿ ಜೇನುನೊಣವಿಲ್ಲದೆಯೇ ಜೇನು ಕೊಡುವ ಜೊಂಡು ಇದೆಯೆಂದು ಬೆರಗಾಗಿ ಬರೆದಿದ್ದ. ಆ ಜೊಂಡೇ ಕಬ್ಬು. ಇಂಗ್ಲಿಷಿನಲ್ಲಿ ಕಬ್ಬಿಗೆ 'ಶುಗರ್ ಕೇನ್' ಎನ್ನುತ್ತಾರಷ್ಟೆ. ಈ 'ಕೇನ್' ಮತ್ತು ನಾವು ಸೆಮಿನರಿಯಲ್ಲಿ ಓದಿದ 'ಕ್ಯಾನನ್' ಒಂದೇ ಬೇರಿನವು. ಜೊಂಡಿನ ಕೋಲಿನಿಂದ ನೆಲ ಅಳೆಯುತ್ತಿದ್ದರು. ಅಳತೆಯ ಕೋಲಿಗೆ ಗ್ರೀಕರು 'ಕಾನೋನ್' ಎಂದರು. ಅದರಿಂದ ನಿಯಮ ಎಂಬ ಅರ್ಥ ಬಂತು. ಪವಿತ್ರ ಗ್ರಂಥದ ಪುಸ್ತಕಗಳ ಪಟ್ಟಿಯೂ ಕ್ಯಾನನ್, ಧರ್ಮಸಭೆಯ ಕಾನೂನೂ ಕ್ಯಾನನ್. ನಮ್ಮ ತಾಲ್ಲೂಕು ಕಚೇರಿಯ 'ಕಾನೂನು' ಕೂಡ ಅರಬರ ಮೂಲಕ ಬಂದ ಅದೇ ಕೋಲು!

ಇನ್ನು ಈ ಕಥೆಯ ಕಹಿ ಭಾಗ. 1493ರಲ್ಲಿ ಕೊಲಂಬಸ್ ತನ್ನ ಎರಡನೆಯ ಯಾನದಲ್ಲಿ ಕಬ್ಬಿನ ಜಲ್ಲೆಗಳನ್ನು ಹಿಸ್ಪಾನಿಯೋಲಾ ದ್ವೀಪಕ್ಕೆ ಒಯ್ದನು. ಅಲ್ಲಿಯ ಮೂಲನಿವಾಸಿಗಳು ಸ್ಪೇನಿನವರ ದುಡಿಮೆಯಲ್ಲಿ ಸಾಯುವುದನ್ನು ಕಂಡು ಮರುಗಿದವರು ಬಾರ್ತೊಲೋಮೆ ದೆ ಲಾಸ್ ಕಾಸಾಸ್ ಎಂಬ ಗುರುಗಳು. ಅವರನ್ನು ಉಳಿಸುವ ಆತುರದಲ್ಲಿ, ಬದಲಿಗೆ ಆಫ್ರಿಕಾದ ಗುಲಾಮರನ್ನು ತರಬಹುದೆಂದು 1516ರಲ್ಲಿ ಅವರೇ ಸಲಹೆ ಕೊಟ್ಟರು. ಒಬ್ಬರ ಕಣ್ಣೀರು ಒರೆಸಲು ಮತ್ತೊಬ್ಬರ ಕಣ್ಣೀರು! ಮುಂದೆ ತಮ್ಮ ತಪ್ಪು ತಿಳಿದು ಪಶ್ಚಾತ್ತಾಪಪಟ್ಟು, ತಮ್ಮ ಇತಿಹಾಸ ಗ್ರಂಥದಲ್ಲೇ ಅದನ್ನು ಬರೆದಿಟ್ಟರು. ನಾವು ಅವರನ್ನು ಗೌರವಿಸುವುದು ಆ ಬರಹಕ್ಕಾಗಿ. ಆದರೆ ಹಡಗುಗಳು ನಿಲ್ಲಲಿಲ್ಲ. ಸುಮಾರು ಮೂರೂವರೆ ಶತಮಾನಗಳಲ್ಲಿ ಒಂದೂಕಾಲು ಕೋಟಿ ಆಫ್ರಿಕನ್ನರನ್ನು ಹಡಗಿಗೆ ತುಂಬಿದರು. ಬಹುಪಾಲು ಜನರ ಬೆವರು ಕಬ್ಬಿನ ಗದ್ದೆಗೇ ಹೋಯಿತು. ವಿಶ್ವಗುರು ಹದಿನಾರನೆಯ ಗ್ರೆಗೊರಿಯವರು ಗುಲಾಮರ ವ್ಯಾಪಾರವನ್ನು ಖಂಡಿಸಿದ್ದು 1839ರಲ್ಲಿ. ತಡವಾಯಿತು ಎಂದು ಹೇಳಲು ನಮಗೆ ಸಂಕೋಚವಿಲ್ಲ.

ನಮ್ಮ ಮಂಡ್ಯದ ಕಥೆ ಬೇರೆ. ಕನ್ನಂಬಾಡಿ ಕಟ್ಟೆಯಾಗಿ, ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ನೀರು ಹರಿದ ಮೇಲೆ ಕಬ್ಬು ಬಂತು. ಕೆನಡಾ ದೇಶದ ವಿಜ್ಞಾನಿ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರ ಶ್ರಮದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ರಾಗಿ ಹೊಲಗಳ ನಾಡು ಸಕ್ಕರೆ ನಾಡಾಯಿತು. ಇಲ್ಲಿ ಕಬ್ಬು ಬೆಳೆದವನು ಗುಲಾಮನಲ್ಲ, ಭೂಮಿಯ ಒಡೆಯ. ಆದರೂ 2015ರಲ್ಲಿ ಈ ಜಿಲ್ಲೆಯಲ್ಲಿ ಎಷ್ಟೋ ರೈತರು ಜೀವ ಕಳೆದುಕೊಂಡರು. ಕಬ್ಬು ಬೆಳೆದವರೂ ಅವರಲ್ಲಿದ್ದರು. ಸಾಲ ಒಂದು ಕಡೆ, ಕಾರ್ಖಾನೆಗಳಿಂದ ಬಾರದ ಬಾಕಿ ಇನ್ನೊಂದು ಕಡೆ.

ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಮೋಶೆಯ ಧರ್ಮಶಾಸ್ತ್ರವಾದರೋ ಬಡ ಕೂಲಿಯಾಳಿಗೆ ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂದು ವಿಧಿಸಿತ್ತು. ಕೋಲು ನೆಟ್ಟಗೇ ಇದೆ. ಅಳೆಯುವ ಕೈ ಬೇಕು.

ಸಂಕ್ರಾಂತಿಯ ಹಿಂದಿನ ಸಂಜೆ ದೇವಾಲಯದ ಬಾಗಿಲಿಗೆ ಕಟ್ಟಲು ಜಲ್ಲೆ ತಂದುಕೊಡುವ ರೈತರೊಬ್ಬರಿದ್ದಾರೆ. ನಮ್ಮವರೇನಲ್ಲ, ಪಕ್ಕದ ಊರಿನ ಒಕ್ಕಲಿಗರು. ಜಲ್ಲೆ ಇಳಿಸಿಕೊಳ್ಳುತ್ತಾ ನಾವು ಪ್ರತಿ ವರ್ಷ ಕೇಳುತ್ತೇವೆ, "ಬಿಲ್ಲು ಬಂತಾ ಯಜಮಾನ್ರೇ?" ಅವರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ನಗುತ್ತಾರೆ. "ಬತ್ತದೆ ಫಾದರ್, ಎಲ್ಲಿಗೋದಾತು?"