ನೆಲಕ್ಕೆ ಹಾಸಿದ ಬೀಸೋಕಲ್ಲು



ಹೋದ ವಾರ ಬಚ್ಚಲುಮನೆ ಮುಂದಿನ ಕೆಸರು ಎಳೀತಿದ್ದೆ. ನಮ್ಮವ್ವನ ರಾಗಿ ಬೀಸೋಕಲ್ಲು ಮಕಾಡೆ ಬಿದ್ದು ಕಾಲು ತೊಳೆಯೋ ಕಲ್ಲಾಗಿತ್ತು. ಹಾಕಿದವನು ನಾನೇ. ಊರಿಗೆ ಹಿಟ್ಟಿನ ಮಿಲ್ಲು ಬಂದ ಮೇಲೆ ಅದರಿಂದ ಏನು ಕೆಲಸ ಅಂತ. ಬಿ.ಎ.ನಲ್ಲಿ ಚರಿತ್ರೆ ಓದೋ ಮಗಳು ಅದನ್ನ ನೋಡಿ ಒಂದು ವಿಷಯ ಹೇಳಿದಳು. ನಿಮಗೂ ಹೇಳ್ತೀನಿ.

ಲಂಡನ್ನಿನಿಂದ ಸುಮಾರು 30 ಕಿ.ಮೀ. ದೂರದಲ್ಲಿ ಸೇಂಟ್ ಆಲ್ಬನ್ಸ್ ಅಂತ ಊರು. 700 ವರ್ಷದ ಹಿಂದೆ ಅದು ಅಲ್ಲಿನ ಕ್ರೈಸ್ತ ಸನ್ಯಾಸಿಗಳ ಮಠದ ಹಿಡಿತದಲ್ಲಿತ್ತು. ಆಗ ಇಂಗ್ಲೆಂಡಿನ ಜನಕ್ಕೆ ಏಲ್ ಅನ್ನೋ ಬಿಯರ್ ದಿನದ ಊಟದ ಜೊತೆ ಇರ್ತಿತ್ತು. ಹೆಚ್ಚಾಗಿ ಹೆಂಗಸರೇ ಮನೇಲಿ ಮಾಡೋರು. ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ತರಿತರಿಯಾಗಿ ಒಡೆದು ಬಿಸಿನೀರಿಗೆ ಹಾಕೋದು. ಮೊಳಕೆ ರಾಗಿ ಹಿಟ್ಟು ಮಾಡೋ ಲೆಕ್ಕವೇ. ಮೊಳಕೆ ಬಂದರೇನೇ ಕಾಳಿನ ಹಿಟ್ಟು ಸಿಹಿಯಾಗಿ ತಿರುಗೋದು. ಆದರೆ ಬಾರ್ಲಿಯನ್ನ ನುಣ್ಣಗೆ ಬೀಸಬಾರದು. ಸಿಪ್ಪೆ ಉಳಿದರೆ ಅದೇ ಜರಡಿಯ ಹಾಗೆ ರಸ ಸೋಸುತ್ತೆ. ಒಡೆದು ಇಟ್ಟರೆ ತೇವ ಎಳೆದು ಘಮ ಹೋಗುತ್ತೆ. ಹಾಪ್ಸ್ ಹಾಕದ ಆ ಏಲ್ ಕೆಲವೇ ದಿನಕ್ಕೆ ಹುಳಿ ಬರ್ತಿತ್ತು, ಮತ್ತೆ ಮತ್ತೆ ಮಾಡಬೇಕಿತ್ತು. ಅಂದಮೇಲೆ ಕಲ್ಲು ಮನೇಲೇ ಇದ್ದರೆ ಅನುಕೂಲ.

ಮಠದ ಕಟ್ಟಳೆ ಬೇರೆ. ಕಾಳನ್ನ ನಮ್ಮ ಮಿಲ್ಲಿಗೇ ತನ್ನಿ, ಬೀಸಿದ್ದಕ್ಕೆ ಪಾಲು ಕೊಡಿ ಅಂತ. ಜನ ಒಪ್ಪಲಿಲ್ಲ. ಈ ಜಗಳ ತಲೆಮಾರುಗಟ್ಟಲೆ ನಡೀತು. 1330ರ ಸುಮಾರಿಗೆ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ ಅನ್ನೋನು ಮಠದ ಮುಖ್ಯಸ್ಥನಾಗಿದ್ದ. ಕಮ್ಮಾರನ ಮಗ, ದೊಡ್ಡ ಗಣಿತಜ್ಞ, ಅದ್ಭುತ ಗಡಿಯಾರ ಮಾಡಿಸಿದವನು. ಅವನು ಜನರ ಬೀಸೋಕಲ್ಲು ಕಿತ್ತು ತರಿಸಿ ಮಠದ ಕೋಣೆಯ ನೆಲಕ್ಕೆ ಹಾಸಿಸಿಬಿಟ್ಟ!

ಸುಮಾರು 50 ವರ್ಷ ಜನ ಅದನ್ನ ಮರೀಲಿಲ್ಲ. 1381ರಲ್ಲಿ ಇಂಗ್ಲೆಂಡಿನಲ್ಲಿ ರೈತರು ದಂಗೆ ಎದ್ದರು. ಈ ಊರಿನವರು ವಿಲಿಯಂ ಗ್ರಿಂಡ್‌ಕಾಬ್ ಅನ್ನೋನ ಹಿಂದೆ ಹೊರಟು ಮಠಕ್ಕೆ ನುಗ್ಗಿ ಆ ನೆಲ ಅಗೆದರು. ಕಲ್ಲು ಒಡೆದು, ಚರ್ಚಿನಲ್ಲಿ ಪವಿತ್ರ ರೊಟ್ಟಿ ಹಂಚೋ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಚೂರು ಕೊಟ್ಟರು. ದಂಗೆ ಅಡಗಿತು. ಜುಲೈನಲ್ಲಿ ಗ್ರಿಂಡ್‌ಕಾಬ್‌ನನ್ನ ಗಲ್ಲಿಗೆ ಹಾಕಿದರು.

ಇಷ್ಟು ಕೇಳಿ ನನಗೆ ನಾಚಿಕೆ ಆಯ್ತು. ಅವರ ಕಲ್ಲನ್ನ ಬೇರೆಯವರು ಕಿತ್ತುಕೊಂಡು ಹಾಸಿದರು. ನನ್ನ ಕಲ್ಲನ್ನ ನಾನೇ ಹಾಸಿದೆ.

ಮಿಲ್ಲು ಬೇಡ ಅಂತಿಲ್ಲ. ನಮ್ಮವ್ವ ಕೋಳಿ ಕೂಗೋ ಮುಂಚೆ ಎದ್ದು ಬೀಸಿ ಬೀಸಿ ರಟ್ಟೆ ಸೋತದ್ದು ಕಣ್ಣಾರೆ ಕಂಡಿದ್ದೀನಿ. ಮನೇಲಿ ಬಿಯರ್ ಮಾಡಿ ಅಂತಲೂ ಅಲ್ಲ, ಅದಕ್ಕೆ ನಮ್ಮಲ್ಲಿ ಕಾನೂನು ಬಿಡಲ್ಲ. ಆದರೆ ಮೊಮ್ಮಗುಗೆ ಅಂತ ಮಿಲ್ಲಲ್ಲಿ ಬೀಸಿಸಿದ ಮೊಳಕೆ ರಾಗಿ ಹಿಟ್ಟಲ್ಲಿ ಒಂದು ಸಲ ಮೆಣಸಿನಕಾಯಿ ಘಾಟು ಬಂತು. ನಾವೇ ಬೆಳೆದ ರಾಗಿ, ಕೂಸಿಗೆ ಕೊಡಕ್ಕಾಗದೆ ಹಸುಗೆ ಹಾಕಿದ್ವಿ.

ಈಗ ಕಲ್ಲು ಎತ್ತಿ ತೊಳೆದಿದ್ದೀನಿ. ಮೇಲಿನ ಕಲ್ಲು ಹಿತ್ತಲಲ್ಲಿ ಸಿಕ್ತು. ಎರಡರ ಮುಖನೂ ಸವೆದು ನುಣ್ಣಗಾಗಿದೆ, ಉಳಿ ಹಿಡಿದು ಕಚ್ಚು ಮಾಡೋರು ಬೇಕು. ಕೂಸಿನ ಹಿಟ್ಟಿಗೆ ವಾರಕ್ಕೆ ಅರ್ಧ ಸೇರು ಬೀಸಿದರೆ ಸಾಕು, ಅಷ್ಟಕ್ಕೆ ನನ್ನ ರಟ್ಟೆ ಸೋಲಲ್ಲ.

ನಿಮ್ಮ ಮನೆ ಬೀಸೋಕಲ್ಲು ಎಲ್ಲಿದೆ? ಕಲ್ಲು ಕುಟ್ಟೋರು ನಮ್ಮ ಸುತ್ತ ಇನ್ನೂ ಯಾರಾದರೂ ಇದ್ದರೆ ತಿಳಿಸಿ.