ಕಪ್ಪು-ಕೆಂಪು ಬಟ್ಟಲು

ದಖ್ಖನಿನ ಕಬ್ಬಿಣಯುಗದ ಊರುಗಳಲ್ಲೂ ಕಲ್ಲುಗೋರಿಗಳಲ್ಲೂ ದೊರೆಯುವ ಮಣ್ಣಿನ ಬಟ್ಟಲು. ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈಯ ಕೆಳಭಾಗ ಕೆಂಪು. ಸುಡುವ ಮೊದಲೇ ನುಣುಪಾದ ಕಲ್ಲಿನಿಂದ ಉಜ್ಜಿರುವುದರಿಂದ ಎರಡೂ ಬಣ್ಣಗಳಿಗೆ ಮಂದವಾದ ಹೊಳಪಿರುತ್ತದೆ. ಗಾಜಿನಂಥ ಲೇಪ ಯಾವುದೂ ಇಲ್ಲ. ಪುರಾತತ್ತ್ವ ಬರಹಗಳಲ್ಲಿ ಈ ಪಾತ್ರೆಯನ್ನು ಬಹುಕಾಲ ಒಂದು ಜನಾಂಗದ ಗುರುತಾಗಿ, ಒಂದು ಯುಗದ ಮುದ್ರೆಯಾಗಿ ಬಳಸಿಕೊಂಡು ಬರಲಾಗಿದೆ. ಇದರ ಚೂರು ಸಿಕ್ಕಿದಲ್ಲೆಲ್ಲ ಬೃಹತ್ ಶಿಲಾಯುಗದ ಜನ ನೆಲೆಸಿದ್ದರು ಎಂದು ಬರೆದುಬಿಡುವುದು ರೂಢಿ. ಬಟ್ಟಲನ್ನೇ ಕೈಯಲ್ಲಿ ಹಿಡಿದು ವಿಚಾರಿಸಿದರೆ ಆ ತೀರ್ಮಾನ ನಿಲ್ಲುವುದಿಲ್ಲ. ಆವಿಗೆಯಲ್ಲಿ ಬೆಂಕಿಯೂ ಗಾಳಿಯೂ ಹೇಗೆ ಓಡಾಡಿದವು ಎಂಬುದನ್ನು ಈ ಎರಡು ಬಣ್ಣಗಳು ಹೇಳುತ್ತವೆ. ಮಾಡಿದವರು ಯಾರು, ಯಾವ ನುಡಿಯವರು, ಯಾವ ಶತಮಾನದವರು ಎಂಬುದಕ್ಕೆ ಬೇರೆಯೇ ಸಾಕ್ಷ್ಯ ಬೇಕು.

ಕನ್ನಡ ಮಾತಾಡುವ ಸೀಮೆಯಲ್ಲಿ ಈ ಬಟ್ಟಲಿನ ಅಧ್ಯಯನಕ್ಕೆ ಆಧಾರವಾದ ನೆಲೆಗಳು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ರಾಯಚೂರು ಜಿಲ್ಲೆಯ ಮಸ್ಕಿ ಮತ್ತು ಪಿಕ್ಲಿಹಾಳ, ತುಂಗಭದ್ರೆಯ ದಡದ ಹಳ್ಳೂರು. ಇಂದು ತೆಲಂಗಾಣದಲ್ಲಿರುವ ಗಡಿಯ ಕನ್ನಡ ಸೀಮೆಯೂ ಇದೇ ಅಧ್ಯಯನದ ಭಾಗವಾಗಿತ್ತು. ನಾರಾಯಣಖೇಡ್ ಹಾಗೂ ಜಹೀರಾಬಾದ್ ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಗೆ, ತಾಂಡೂರು ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದವು. 1914ರಲ್ಲಿ ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಆರಂಭವಾದ ಹೈದರಾಬಾದಿನ ಪುರಾತತ್ತ್ವ ಇಲಾಖೆಗೆ ಮಸ್ಕಿಯೂ ಒಂದೇ, ಸಂಗಾರೆಡ್ಡಿ ಬಳಿಯ ಶಾತವಾಹನ ಪಟ್ಟಣ ಕೊಂಡಾಪುರವೂ ಒಂದೇ. ಭಾಷಾವಾರು ರಾಜ್ಯಗಳಾದ ಮೇಲೆ ಈ ನೆಲೆಗಳು ಎರಡು ರಾಜ್ಯಗಳ ಕಡತಗಳಿಗೆ ಹಂಚಿಹೋದವು. ಮಣ್ಣು ಮಾತ್ರ ಒಂದೇ ಉಳಿಯಿತು: ಬೀದರಿನಿಂದ ಜಹೀರಾಬಾದಿನವರೆಗೆ ಹರಡಿದ ಪ್ರಸ್ಥಭೂಮಿಯ ಮೇಲೆ ಕೆಂಪು ಮುರಕಲ್ಲು, ಇಳಿಜಾರಿನಲ್ಲಿ ಎರೆ. ಎರಡರಲ್ಲೂ ಕಬ್ಬಿಣದ ಅಂಶ ಧಾರಾಳ. ಬಟ್ಟಲಿನ ಬಣ್ಣದ ಗುಟ್ಟು ಅಡಗಿರುವುದು ಈ ಕಬ್ಬಿಣದಲ್ಲಿ.

ಕಬ್ಬಿಣವಿರುವ ಜೇಡಿಮಣ್ಣು ಗಾಳಿ ಚೆನ್ನಾಗಿ ಆಡುವಲ್ಲಿ ಬೆಂದರೆ ಅದರ ಕಬ್ಬಿಣ ಆಮ್ಲಜನಕವನ್ನು ಪೂರ್ತಿ ಹೀರಿಕೊಂಡು ಕಾವಿಯ ಬಣ್ಣ ತಾಳುತ್ತದೆ. ಗಾಳಿ ಸಿಗದೆ, ಹೊಗೆಯಲ್ಲಿ ಬೆಂದರೆ ಅದೇ ಕಬ್ಬಿಣ ಆಮ್ಲಜನಕವನ್ನು ಬಿಟ್ಟುಕೊಟ್ಟು ಕಪ್ಪಿಗೆ ತಿರುಗುತ್ತದೆ. ಮೇಲಾಗಿ ಹೊಗೆಯ ಇಂಗಾಲ ಮಣ್ಣಿನ ರಂಧ್ರಗಳಿಗೆ ಇಳಿದು ಕಪ್ಪನ್ನು ಗಾಢಗೊಳಿಸುತ್ತದೆ. ಕಬ್ಬಿಣದ ಪಾತ್ರಕ್ಕೆ ಕೊಂಡಾಪುರವೇ ಒಂದು ಸಾಕ್ಷ್ಯ ಒದಗಿಸುತ್ತದೆ. ಅಲ್ಲಿಯ ಪ್ರಸಿದ್ಧ ಗೊಂಬೆಗಳು ಕಬ್ಬಿಣಾಂಶ ತೀರ ಕಡಿಮೆ ಇರುವ ಬಿಳಿ ಜೇಡಿಯಿಂದ, ಅಂದರೆ ಕೆಯೊಲಿನ್‌ನಿಂದ, ಆದವು. ಅಂಥ ಮಣ್ಣು ಗಾಳಿಯಲ್ಲಿ ಎಷ್ಟು ಬೆಂದರೂ ಕೆಂಪಾಗದೆ ಬೆಳ್ಳಗೇ ಉಳಿಯುತ್ತದೆ. ಹೀಗಿರುವಾಗ ಒಂದೇ ಮಣ್ಣಿನ ಒಂದೇ ಬಟ್ಟಲಿನಲ್ಲಿ ಎರಡು ಬಣ್ಣ ಬರಬೇಕಾದರೆ ಅದರ ಒಂದು ಭಾಗಕ್ಕೆ ಗಾಳಿ ಸಿಗಬೇಕು, ಇನ್ನೊಂದಕ್ಕೆ ಸಿಗಬಾರದು. ಬಟ್ಟಲನ್ನು ಬೋರಲು ಹಾಕಿ, ಬಾಯಂಚನ್ನು ಹೊಟ್ಟು ಅಥವಾ ಬೂದಿಯಲ್ಲಿ ಹೂತು ಸುಟ್ಟರೆ ಆಗುವುದು ಅದೇ. ಒಳಗೆ ಸಿಕ್ಕಿಬಿದ್ದ ಹೊಟ್ಟು ಉರಿಯದೆ ಹೊಗೆಯಾಡುತ್ತದೆ, ಹೊರಗಿನ ತಳ ಬಯಲುಗಾಳಿಗೆ ತೆರೆದುಕೊಂಡಿರುತ್ತದೆ. ಮಾರ್ಟಿಮರ್ ವೀಲರ್ 1947ರಲ್ಲಿ ಬ್ರಹ್ಮಗಿರಿಯನ್ನು ಅಗೆದಾಗ ಕೊಟ್ಟ ವಿವರಣೆಯೂ ಈ ಬೋರಲು ಸುಡುವಿಕೆಯೇ.

ಇದನ್ನು ಒಪ್ಪದವರ ವಾದಗಳು ಹಗುರವಾದವಲ್ಲ. ಕಪ್ಪು ಭಾಗವನ್ನು ಲೇಪ ಹಚ್ಚಿ ತಂದಿರಬಹುದು ಎಂಬುದು ಒಂದು. ಹಚ್ಚಿದ ಲೇಪಕ್ಕೆ ಕುಂಚದ ಅಥವಾ ಅದ್ದಿದ ಗೆರೆ ಇರಬೇಕು. ಈ ಬಟ್ಟಲುಗಳಲ್ಲಿ ಕಪ್ಪು ಕೆಂಪಿಗೆ ಕೂಡುವ ಕಡೆ ಅಂಕುಡೊಂಕಾಗಿ, ನಡುವೆ ಕಂದು ಹಾಯ್ದು, ಹೊಗೆ ಹರಿದ ಹಾಗೆ ಇರುತ್ತದೆ. ಒಡೆದ ಚೂರಿನ ಅಂಚನ್ನು ನೋಡಿದರೆ ಕಪ್ಪು ಮೇಲ್ಮೈಯಲ್ಲೇ ನಿಲ್ಲದೆ ಗೋಡೆಯ ಒಳಕ್ಕೂ ಇಳಿದಿರುವುದು ಎಷ್ಟೋ ಕಡೆ ಕಾಣುತ್ತದೆ. ಇನ್ನೊಂದು ವಾದ ಇದಕ್ಕಿಂತ ಬಲವಾದದ್ದು: ಮೊದಲು ಪೂರ್ತಿ ಕೆಂಪಾಗಿ ಸುಟ್ಟು, ಆಮೇಲೆ ಬಾಯನ್ನಷ್ಟೇ ಹೊಗೆಗೆ ಒಡ್ಡಿ ಎರಡನೆಯ ಸಲ ಸುಟ್ಟಿರಬಹುದು. ಇದು ಸಾಧ್ಯ, ಕೆಲವು ನೆಲೆಗಳಲ್ಲಿ ನಡೆದಿರಲೂಬಹುದು. ಆದರೆ ಇಲ್ಲಿಯೂ ಬಣ್ಣವನ್ನು ತೀರ್ಮಾನಿಸುವುದು ಗಾಳಿಯ ಹಂಚಿಕೆಯೇ. ಒಂದು ಸುಡುವಿಕೆಯೋ ಎರಡೋ ಎಂಬುದು ಕುಂಬಾರನ ಅನುಕೂಲದ ಪ್ರಶ್ನೆ. ಕುಳ್ಳು, ಸೌದೆ ಕೂಡಿಸುವ ಕಷ್ಟ ಬಲ್ಲವರಿಗೆ ಸಾವಿರಾರು ಬಟ್ಟಲುಗಳನ್ನು ಎರಡೆರಡು ಸಲ ಸುಟ್ಟರೆಂಬುದನ್ನು ನಂಬುವುದು ಕಷ್ಟ. ಪಾತ್ರೆಯ ಆಕಾರವೂ ಬೋರಲು ಸುಡುವಿಕೆಯ ಪರವಾಗಿಯೇ ನಿಲ್ಲುತ್ತದೆ. ಎರಡು ಬಣ್ಣ ಹೆಚ್ಚಾಗಿ ಕಾಣುವುದು ಅಗಲ ಬಾಯಿಯ ಬಟ್ಟಲು, ತಟ್ಟೆಗಳಲ್ಲಿ, ಅಂದರೆ ಸುಲಭವಾಗಿ ಬೋರಲು ಹಾಕಬಹುದಾದ ಪಾತ್ರೆಗಳಲ್ಲಿ. ಗೋರಿಗಳಲ್ಲಿ ಸಿಗುವ ದೊಡ್ಡ ಕೊಪ್ಪರಿಗೆಗಳು, ಕಾಲುಳ್ಳ ಗುಡಾಣಗಳು ಬಹುಪಾಲು ಬರೀ ಕೆಂಪು. ಬಣ್ಣವು ಪಂಗಡದ ಗುರುತಾಗಿದ್ದರೆ ಅದು ದೊಡ್ಡ ಗುಡಾಣದ ಮೇಲೆಯೇ ಎದ್ದು ಕಾಣಬೇಕಿತ್ತು.

ಕಾಲದ ಲೆಕ್ಕದಲ್ಲಿ ಯುಗಮುದ್ರೆಯ ಕಲ್ಪನೆ ಇನ್ನಷ್ಟು ಸಡಿಲಗೊಳ್ಳುತ್ತದೆ. ವೀಲರ್ ಬ್ರಹ್ಮಗಿರಿಯಲ್ಲಿ ಮೂರು ಪದರ ಗುರುತಿಸಿದರು: ಕೈಯಿಂದಲೇ ತಿದ್ದಿದ ಒರಟು ಬೂದುಬಣ್ಣದ ಮಡಕೆಗಳ ಕಲ್ಲುಕೊಡಲಿ ಸಂಸ್ಕೃತಿ, ಅದರ ಮೇಲೆ ಕಪ್ಪು-ಕೆಂಪು ಪಾತ್ರೆಗಳ ಬೃಹತ್ ಶಿಲಾ ಸಂಸ್ಕೃತಿ, ಅದರ ಮೇಲೆ ಆಂಧ್ರ ಸಂಸ್ಕೃತಿ. ಅವರು 1945ರಲ್ಲಿ ಅಗೆದಿದ್ದ ಅರಿಕಮೇಡಿನ ಪಾತ್ರೆಗಳು ಮತ್ತು ಚಂದ್ರವಳ್ಳಿಯ ರೋಮನ್ ನಾಣ್ಯಗಳು ಮೇಲಿನ ಪದರಕ್ಕೆ ಗೂಟವಾದವು. ಆ ಗೂಟದಿಂದ ಹಿಂದಕ್ಕೆ ಎಣಿಸಿ ಕಪ್ಪು-ಕೆಂಪಿನ ಕಾಲವನ್ನು ಕ್ರಿ.ಪೂ. 200ರ ಸುಮಾರಿನಿಂದ ಕ್ರಿ.ಶ. ಮೊದಲ ಶತಮಾನದ ನಡುಭಾಗದವರೆಗೆ ಎಂದರು. ತಮ್ಮ ಕಾಲಕ್ಕೆ ಅದು ಎಚ್ಚರಿಕೆಯ ಲೆಕ್ಕ. ಆದರೆ ಎಂ.ಎಸ್. ನಾಗರಾಜರಾವ್ 1965ರಲ್ಲಿ ಅಗೆದ ಹಳ್ಳೂರಿನಿಂದ ಬಂದ ಇಂಗಾಲ ಕಾಲಗಣನೆ ಕಬ್ಬಿಣವನ್ನೂ ಅದರ ಜೊತೆಯ ಕಪ್ಪು-ಕೆಂಪು ಪಾತ್ರೆಗಳನ್ನೂ ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು. ಹಾಗಾದರೆ ಕರ್ನಾಟಕವೊಂದರಲ್ಲೇ ಈ ಬಟ್ಟಲಿಗೆ ಸುಮಾರು ಸಾವಿರ ವರ್ಷದ ಬಾಳು. ಉಪಖಂಡದ ಉದ್ದಗಲ ನೋಡಿದರೆ ಇನ್ನೂ ಹಿಂದಕ್ಕೆ ಹೋಗಬೇಕು. ಕನ್ನಡಿಗರಾದ ಎಸ್.ಆರ್. ರಾವ್ 1955ರಿಂದ ಅಗೆದ ಗುಜರಾತಿನ ಲೋಥಲ್‌ನಲ್ಲಿ ಕಪ್ಪು-ಕೆಂಪು ಪಾತ್ರೆ ಹರಪ್ಪದವರ ಜೊತೆಗಿದೆ; ರಾಜಸ್ಥಾನದ ಆಹಾಡ್‌ನಲ್ಲಿ ತಾಮ್ರ ಬಳಸುವವರು ಅದರ ಮೇಲೆ ಬಿಳಿ ಚಿತ್ತಾರ ಬರೆದಿದ್ದಾರೆ; ಬಿಹಾರದ ಚಿರಾಂದ್‌ನಲ್ಲೂ ಅದಿದೆ. ಲೋಥಲ್‌ನ ವರ್ತಕರು, ಆಹಾಡ್‌ನ ತಾಮ್ರಕಾರರು, ಹಳ್ಳೂರಿನ ಕಮ್ಮಾರರು ಒಂದೇ ಜನಾಂಗ ಎನ್ನಲು ಬೇರೆ ಯಾವ ಆಧಾರವೂ ಇಲ್ಲ.

ದಕ್ಷಿಣದ ಮಟ್ಟಿಗಾದರೂ ಕಪ್ಪು-ಕೆಂಪು ಬಟ್ಟಲು, ಕಬ್ಬಿಣ, ಕಲ್ಲುಗೋರಿ ಮೂರೂ ಒಟ್ಟಿಗೇ ಕಾಣುತ್ತವೆಯಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಆ ಜೊತೆ ನಿಜ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಒಂದು ಕಾಲದ ಜನ ಸತ್ತವರೊಂದಿಗೆ ಕಬ್ಬಿಣದ ಆಯುಧವನ್ನೂ ಉಣ್ಣುವ ಬಟ್ಟಲನ್ನೂ ಇಟ್ಟರು ಎಂಬುದನ್ನು ಗೋರಿಗಳು ಖಚಿತವಾಗಿ ಹೇಳುತ್ತವೆ. ಆದರೆ ಬಟ್ಟಲು ಗೋರಿಗಷ್ಟೇ ಮೀಸಲಾದದ್ದಲ್ಲ, ವಾಸದ ಪದರಗಳಲ್ಲೂ ಸಿಗುತ್ತದೆ. ಗೋರಿಯಲ್ಲೂ ಅದರ ಪಕ್ಕದಲ್ಲಿ ಬರೀ ಕಪ್ಪು, ಬರೀ ಕೆಂಪು ಪಾತ್ರೆಗಳಿವೆ. ಒಟ್ಟಿಗೆ ಸಿಕ್ಕ ಮೂರು ವಸ್ತುಗಳಲ್ಲಿ ಒಂದನ್ನು ಬಿಡಿಸಿಕೊಂಡು, ಅದು ಬೇರೆಲ್ಲಿ ಒಂಟಿಯಾಗಿ ಕಂಡರೂ ಉಳಿದೆರಡನ್ನು ಊಹಿಸಿಕೊಳ್ಳುವುದು ತಪ್ಪು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನ ಕಲ್ಲುಮನೆಗಳನ್ನು ಸುತ್ತಲಿನ ಜನ ಮೋರ್ಯರ ಮನೆ ಎನ್ನುತ್ತಾರೆ. ಕಟ್ಟಿದವರು ಕಣ್ಣಿಗೆ ಕಾಣದಿದ್ದಾಗ ಯಾವುದಾದರೊಂದು ಕುಲದ ಹೆಸರಿಡುವುದು ಮನುಷ್ಯಸಹಜ. ವಿದ್ವತ್ತು ಹೀಗೆ ಹೆಸರಿಡುವ ಮೊದಲು ತಡೆದು ಯೋಚಿಸಬೇಕು.

ತಂತ್ರ ಮತ್ತು ಜನ ಬೇರೆ ಬೇರೆ ದಾರಿ ಹಿಡಿಯಬಲ್ಲವು ಎಂಬುದಕ್ಕೆ ದಾಖಲೆಯುಳ್ಳ ಉದಾಹರಣೆ ಬೇಕಿದ್ದರೆ ಜಪಾನಿನ ಚಹಾ ಬಟ್ಟಲನ್ನು ನೋಡಬಹುದು. ಚಹಾಗುರು ಸೆನ್ ನೊ ರಿಕ್ಯು (1522–1591) ಅವರ ಕಾಲದಲ್ಲಿ ಕ್ಯೋಟೊದ ಚೋಜಿರೊ ತಿಗರಿ ಮುಟ್ಟದೆ ಬರಿಗೈಯಿಂದ ರಾಕು ಬಟ್ಟಲುಗಳನ್ನು ಮಾಡಿದ. ಅದರ ಕಪ್ಪು ಹೊಗೆಯಿಂದ ಬಂದದ್ದಲ್ಲ: ಕಾಮೊ ಹೊಳೆಯ ಕಬ್ಬಿಣಯುಕ್ತ ಕಲ್ಲಿನ ಪುಡಿಯಿಂದಾದ ಲೇಪ ಹಚ್ಚಿ, ಬಟ್ಟಲು ನಿಗಿನಿಗಿ ಕಾದಿರುವಾಗಲೇ ಇಕ್ಕುಳದಿಂದ ಹೊರಗೆಳೆದು ಥಟ್ಟನೆ ತಣಿಸುತ್ತಾರೆ. ಚೋಜಿರೊನ ಪರಂಪರೆ ಇಂದಿಗೂ ಕ್ಯೋಟೊದಲ್ಲಿ ಮನೆತನದ ಹೆಸರಿನೊಂದಿಗೆ ನಡೆದುಬಂದಿದೆ. ಅದೇ ರಾಕು ಎಂಬ ಹೆಸರಿನಲ್ಲಿ 1960ರ ದಶಕದ ಅಮೆರಿಕದಲ್ಲಿ ಪಾಲ್ ಸೋಲ್ಡ್ನರ್ ಮೊದಲಾದವರು ಕೆಂಡದಂಥ ಪಾತ್ರೆಯನ್ನು ಎಲೆ, ಮರದ ಹೊಟ್ಟಿನಲ್ಲಿ ಮುಚ್ಚಿ ಹೊಗೆಗಪ್ಪು ತರಿಸಿದರು. ಕ್ಯೋಟೊದ ಮನೆತನದ ರಕ್ತಸಂಬಂಧವೂ ಇಲ್ಲ, ತಂತ್ರವೂ ಬೇರೆ, ಹೆಸರು ಮಾತ್ರ ಒಂದು. ರಸಾಯನದ ದೃಷ್ಟಿಯಿಂದ ಆ ಅಮೆರಿಕನ್ ಪಾತ್ರೆಯ ಕಪ್ಪು ಕ್ಯೋಟೊದ ಬಟ್ಟಲಿಗಿಂತ ಬ್ರಹ್ಮಗಿರಿಯ ಬಟ್ಟಲಿಗೇ ಹತ್ತಿರ. ನಾಲ್ಕು ಶತಮಾನದೊಳಗೆ, ಕಾಗದಪತ್ರ ಇರುವಾಗಲೇ ಇಷ್ಟು ಅದಲುಬದಲು ಆಗಿರುವಾಗ, ಬಟ್ಟಲು ಮಾಡಿದವರ ಬಗ್ಗೆ ಬರಹವೇ ಉಳಿಯದ ಸಾವಿರ ವರ್ಷದ ದಖ್ಖನಿನಲ್ಲಿ ಬಣ್ಣವೊಂದರಿಂದ ವಂಶಾವಳಿ ಕಟ್ಟಲು ಬರುವುದಿಲ್ಲ.

ಚಹಾ ಬಟ್ಟಲಿನ ಚರಿತ್ರೆಯಿಂದ ಇನ್ನೊಂದು ಎಚ್ಚರಿಕೆಯೂ ಸಿಗುತ್ತದೆ. ಜಪಾನಿನ ರಾಷ್ಟ್ರೀಯ ನಿಧಿಗಳಲ್ಲಿ ಒಂದಾದ, ಕ್ಯೋಟೊದ ದೈತೊಕುಜಿ ಮಠದಲ್ಲಿರುವ ಕಿಜಾಯೆಮೊನ್ ಬಟ್ಟಲು ಮೂಲದಲ್ಲಿ ಕೊರಿಯಾದ ಪಾತ್ರೆ. ಕೊರಿಯಾದಲ್ಲಿ ಅದು ಸಾಧಾರಣ ಬಳಕೆಯ ವಸ್ತುವಾಗಿದ್ದಿರಬೇಕು ಎಂಬುದು ಯಾನಾಗಿ ಸೊಯೆತ್ಸು ಅವರ ಪ್ರಸಿದ್ಧ ವಾದ. ಪಾತ್ರೆ ಕೊನೆಗೆ ಎಲ್ಲಿ ಸೇರಿತೆಂಬುದು ಅದನ್ನು ಮಾಡಿದ ಉದ್ದೇಶವನ್ನು ಹೇಳುವುದಿಲ್ಲ. ನಮ್ಮ ಬಟ್ಟಲನ್ನು ಶವಸಂಸ್ಕಾರದ ಪಾತ್ರೆ ಎಂದೇ ಹೆಸರಿಸುವ ಫಲಕಗಳಿಗೂ ಈ ಮಾತು ಅನ್ವಯಿಸುತ್ತದೆ. ಉಜ್ಜಿದ, ಹೊಗೆ ಹಿಡಿದ ಒಳಮೈ ರಂಧ್ರಗಳನ್ನು ತಕ್ಕಮಟ್ಟಿಗೆ ಮುಚ್ಚಿ ಅಂಬಲಿಯಂಥ ದ್ರವ ಇಂಗಿಹೋಗುವುದನ್ನು ಕಡಿಮೆ ಮಾಡುತ್ತದೆ. ಗೋರಿಯೊಳಗಿನವರಿಗೆ ಆ ಗುಣದ ಅಗತ್ಯವಿಲ್ಲ. ಬಟ್ಟಲು ಮೊದಲು ಉಣ್ಣುವವರದು, ಆಮೇಲೆ ಸತ್ತವರದು ಎಂದು ಓದುವುದೇ ಸಾಕ್ಷ್ಯಕ್ಕೆ ಹೊಂದುತ್ತದೆ.

ಚೂರಿನ ಕಾಲವನ್ನು ಪದರದಿಂದಾಗಲಿ ಶೈಲಿಯಿಂದಾಗಲಿ ಎರವಲು ಪಡೆಯದೆ ಚೂರಿನಿಂದಲೇ ಕೇಳುವ ವಿಧಾನ ಈಗ ಇದೆ. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಹರಳುಗಳು ಸುತ್ತಲಿನ ಸಹಜ ವಿಕಿರಣವನ್ನು ವರ್ಷ ವರ್ಷವೂ ಕೂಡಿಡುತ್ತವೆ. ಆವಿಗೆಯ ಬಿಸಿ ಸುಮಾರು 500 ಡಿಗ್ರಿ ದಾಟಿದಾಗ ಆ ಕೂಡಿಟ್ಟದ್ದೆಲ್ಲ ಬೆಳಕಾಗಿ ಹೊರಬಿದ್ದು ಲೆಕ್ಕ ಸೊನ್ನೆಗೆ ಬರುತ್ತದೆ. ಪ್ರಯೋಗಾಲಯದಲ್ಲಿ ಚೂರನ್ನು ಮತ್ತೆ ಕಾಯಿಸಿ ಹೊಮ್ಮುವ ಬೆಳಕನ್ನು ಅಳೆದರೆ ಕೊನೆಯ ಸಲ ಬೆಂದು ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. ದಾವಣಗೆರೆ ಕಡೆಯ ಕೊಮಾರನಹಳ್ಳಿಯ ಬೃಹತ್ ಶಿಲಾಯುಗದ ಮಡಕೆಗಳಿಗೆ ಈ ಉಷ್ಣದೀಪ್ತಿ ವಿಧಾನ ಕೊಟ್ಟ ಕಾಲಗಳಲ್ಲಿ ಕೆಲವು ಕ್ರಿ.ಪೂ. 1000ಕ್ಕಿಂತಲೂ ಹಿಂದಿನವು. ಹಾಗೆ ಸಿಗುವ ಕಾಲ ಗೋರಿ ಕಟ್ಟಿದ್ದಲ್ಲ, ಬಟ್ಟಲು ಆವಿಗೆಯಲ್ಲಿ ಬೆಂದದ್ದು.